ಗಾಲಿಯಡಿಯ ಅಕ್ಷರ

“ಇದು ನಮ್ಮ ಅಕ್ಷರವೇ ಅಂಕಲ್. ಆದರೆ ನನಗೇ ಓದಲು ಬರುತ್ತಿಲ್ಲ!”

ಕಾರ್ ಶೋರೂಮಿನ ಚೀನೀ ಹುಡುಗಿ ಇಂಗ್ಲಿಷಿನಲ್ಲಿ ಹೀಗೆಂದು ಕಿಲಕಿಲ ನಕ್ಕಳು. ನನಗೆ ಅಳುವುದೊಂದು ಬಾಕಿ. ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಹತ್ತು. ಹನ್ನೊಂದಕ್ಕೆ ಸರಿಯಾಗಿ ಪೊಲೀಸ್ ಲೆಫ್ಟಿನೆಂಟ್ ಮಿಶಾರಿ ಗ್ಯಾರೇಜಿಗೆ ಬರುತ್ತಾನೆ. ಅಷ್ಟರೊಳಗೆ ಈ ಅಕ್ಷರದ ಅರ್ಥ ಹೇಳದಿದ್ದರೆ ನನ್ನ ಸ್ನೇಹಿತ ಚನ್ನಬಸಯ್ಯ ಅವನ ಜೀಪು ಹತ್ತಬೇಕು.

ಲಿಯಾಂಗ್ ಕಾಣೆಯಾಗಿ ಅಂದಿಗೆ ಒಂಬತ್ತು ದಿನ. ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಸ್ಪೇರ್ ಪಾರ್ಟ್ಸ್ ಗೋದಾಮೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ ಅರವತ್ತೇಳರ ಆ ಮುದುಕ, ಫೋನನ್ನು ಮೇಜಿನ ಮೇಲೇ ಬಿಟ್ಟು ಒಂದು ಶುಕ್ರವಾರ ಮಾಯವಾಗಿದ್ದ. ಕೊನೆಯದಾಗಿ ಅವನ ಜೊತೆ ಕಂಡವನು ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಚನ್ನಬಸಯ್ಯ. ಆ ಗ್ಯಾರೇಜಿನ ಹಿತ್ತಲಲ್ಲಿ ಪೊಲೀಸರಿಗೆ ಸಿಕ್ಕಿದ್ದು ಮೊಣಕಾಲೆತ್ತರವೂ ಇಲ್ಲದ ಒಂದು ಮಣ್ಣಿನ ದಿಬ್ಬ, ಅದರ ಮೇಲೆ ಕೆಂಪು ಕಲೆ. ಅಗೆದರೆ ಒಳಗೆ ಹೆಣವಿಲ್ಲ, ರಟ್ಟಿನ ಒಂದು ತುಂಡು. ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ ಬರೆದ ಒಂದೇ ಒಂದು ಅಕ್ಷರ.

ನಾನು ಬೊನವೆಂಚರ್. ಮೂವತ್ತೊಂದು ವರ್ಷದಿಂದ ಕುವೈತಿನಲ್ಲಿ ಮೋಟಾರು ವಿಮೆಯ ಸರ್ವೇಯರ್. ಗುದ್ದಿದ ಗಾಡಿ ನೋಡಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಪತ್ತೆ ಹಚ್ಚುವುದು ನನ್ನ ಹೊಟ್ಟೆಪಾಡು. ಅರಬ್ಬಿ ಚೆನ್ನಾಗಿ ಬರುತ್ತದೆಂದು ಠಾಣೆಯವರು ದುಭಾಷಿ ಕೆಲಸಕ್ಕೂ ಕರೆಯುತ್ತಾರೆ. ಗಾಡಿಗಳು ನನಗೆ ಎಂದೂ ಮೋಸ ಮಾಡಿಲ್ಲ. ಈ ಅಕ್ಷರ ಮಾತ್ರ ನನ್ನನ್ನು ಕುಣಿಸುತ್ತಿತ್ತು.

“ನೋಡಿ, ಎಡಗಡೆ ಇರುವುದು ಗಾಡಿ. ಅದು ಎಲ್ಲರಿಗೂ ಗೊತ್ತು,” ಎಂದಳು ಹುಡುಗಿ. ಅವಳ ಹೆಸರು ಯಾನ್. “ಬಲಗಡೆಯದು ನಾಯಿಯಂತಿದೆ. ಒಂದು ಗೆರೆ ಹೆಚ್ಚು.”

“ಅಷ್ಟು ನನ್ನ ಮಗಳ ಫೋನೂ ಹೇಳಿತ್ತಮ್ಮಾ,” ಎಂದೆ. ಅದನ್ನು ನಂಬಿ ಮೂರು ದಿನ ನಾನು ಗಾಡಿಯಡಿ ಸಿಕ್ಕ ನಾಯಿಯೊಂದನ್ನು ಶುವೈಖಿನ ಗಲ್ಲಿಗಲ್ಲಿಗಳಲ್ಲಿ ಹುಡುಕಿದ್ದೆ. ಬೇಕರಿಯವನು ನನ್ನನ್ನು ಮುನಿಸಿಪಾಲಿಟಿಯ ನಾಯಿ ಹಿಡಿಯುವವನೆಂದುಕೊಂಡಿದ್ದ.

ಯಾನ್ ಸ್ವಲ್ಪ ಯೋಚಿಸಿ ಫೋನು ಎತ್ತಿದಳು. “ನಮ್ಮಜ್ಜ ಶಾಲೆಯ ಮೇಷ್ಟರಾಗಿದ್ದರು. ಊರಲ್ಲಿ ಈಗ ಮಧ್ಯಾಹ್ನದ ನಿದ್ದೆ ಮುಗಿಸಿರುತ್ತಾರೆ.”

ಫೋನಿನ ಪರದೆಯಲ್ಲಿ ಮೊದಲು ಬರೀ ಒಂದು ಕಿವಿ ಕಂಡಿತು. ಮೊಮ್ಮಗಳು ಗದರಿದ ಮೇಲೆ ಮುಖ ಕಂಡಿತು. ತೆಳ್ಳನೆಯ ಮುದುಕ, ಕೈಯಲ್ಲಿ ಬಿಸಿನೀರಿನ ಲೋಟ. ಯಾನ್ ರಟ್ಟಿನ ತುಂಡಿನ ಫೋಟೊ ಕಳಿಸಿದಳು. ಅಜ್ಜ ಕನ್ನಡಕ ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ತಂದು ನೋಡಿ, ಲೋಟ ಕೆಳಗಿಟ್ಟುಬಿಟ್ಟರು. ಆಮೇಲೆ ಮಾತಾಡತೊಡಗಿದವರು ನಿಲ್ಲಿಸಲೇ ಇಲ್ಲ.

“ಏನಂತೆ? ಏನಂತೆ?” ಎಂದು ನಾನು ಮಗುವಿನ ಹಾಗೆ ಅವಳ ತೋಳು ಹಿಡಿದೆ.

“ಇದನ್ನು ಬರೆದವರು ಯಾರು, ಅವರಿಗೆ ನನ್ನ ನಮಸ್ಕಾರ ಹೇಳು ಅನ್ನುತ್ತಿದ್ದಾರೆ. ಐವತ್ತು ವರ್ಷದಿಂದ ಯಾರೂ ಇದನ್ನು ಅವರಿಗೆ ತೋರಿಸಿಲ್ಲವಂತೆ.” ಯಾನ್ ಕೇಳುತ್ತಾ ಕೇಳುತ್ತಾ ಹೇಳುತ್ತಾ ಹೋದಳು. “ಇದು ಒಂದು ಪೂಜೆಯ ಹೆಸರು. ಎರಡು ಮೂರು ಸಾವಿರ ವರ್ಷದ ಹಿಂದಿನದು. ದೂರ ಪ್ರಯಾಣ ಹೊರಡುವವರು ಬಾಗಿಲಾಚೆ ಮಣ್ಣು ಗುಡ್ಡೆ ಹಾಕುತ್ತಿದ್ದರು. ಅದು ಬೆಟ್ಟ ಅಂತ ಲೆಕ್ಕ. ಮೇಲೆ ಒಂದು ಕಡ್ಡಿಯನ್ನೋ ಹುಲ್ಲನ್ನೋ ನೆಡುತ್ತಿದ್ದರು. ದಾರಿಯ ದೇವರು ಬಂದು ಅದರ ಮೇಲೆ ಕೂರುತ್ತಾನೆ. ಅವನಿಗೆ ಬಲಿ ಕೊಟ್ಟು...”

“ಬಲಿ?”

“ಕುರಿ, ಇಲ್ಲದಿದ್ದರೆ ನಾಯಿ. ಬಲಿ ಕೊಟ್ಟು, ಅದರ ಮೇಲೆಯೇ ಗಾಡಿ ಹಾಯಿಸಿಕೊಂಡು ಹೊರಟುಬಿಡುತ್ತಿದ್ದರು. ಹಿಂದೆ ತಿರುಗಿ ನೋಡುತ್ತಿರಲಿಲ್ಲ. ಈ ಗುಡ್ಡೆ ದಾಟಿದಷ್ಟು ಸುಲಭವಾಗಿ ದಾರಿಯ ಬೆಟ್ಟಗಳೆಲ್ಲ ದಾಟಿಹೋಗಲಿ ಅಂತ.”

ಅಜ್ಜ ಇನ್ನೂ ಏನೋ ಹೇಳಿದರು. ಯಾನ್ ನಕ್ಕಳು.

“ಬಲಗಡೆಯ ನಾಯಿಗೆ ಅರ್ಥ ಇಲ್ಲವಂತೆ ಅಂಕಲ್. ಅದು ಉಚ್ಚಾರಣೆಗೆ ಮಾತ್ರ.”

ನನ್ನ ಮೂರು ದಿನದ ನಾಯಿ ಅಲ್ಲಿಗೆ ಮುಕ್ತಾಯವಾಯಿತು. ಆದರೆ ನನ್ನ ತಲೆಯಲ್ಲಿ ಬೇರೆಯೇ ಚಿತ್ರ ಓಡುತ್ತಿತ್ತು. ಮಣ್ಣಿನ ದಿಬ್ಬ, ಅದರಲ್ಲಿ ಮುರಿದ ಒಂದು ಕೊನೊಕಾರ್ಪಸ್ ಗಿಡದ ಕಡ್ಡಿ, ಮೇಲೆ ಹಾಯ್ದ ಟೈರಿನ ಗುರುತು, ಪಕ್ಕದಲ್ಲಿ ಅಪ್ಪಚ್ಚಿಯಾದ ಎರಡು ನಿಂಬೆಹಣ್ಣು.

ನಿಂಬೆಹಣ್ಣು! ನನ್ನ ತಲೆಗೆ ನಾನೇ ಒಂದು ಮೊಟಕಿಕೊಂಡೆ.

ಚನ್ನಬಸಯ್ಯನ ಗ್ಯಾರೇಜಿನಿಂದ ರಿಪೇರಿಯಾಗಿ ಹೊರಡುವ ಗಾಡಿ ಯಾವುದೇ ಇರಲಿ, ಯಾರದೇ ಇರಲಿ, ಗಾಲಿಯಡಿ ನಿಂಬೆಹಣ್ಣು ಇಡದೆ ಅವನು ಕಳಿಸಿದವನೇ ಅಲ್ಲ. ಪಾಕಿಸ್ತಾನಿಯ ಟ್ಯಾಕ್ಸಿಗೂ ಇಟ್ಟಿದ್ದಾನೆ, ಕುವೈತಿಯ ಲ್ಯಾಂಡ್ ಕ್ರೂಸರಿಗೂ ಇಟ್ಟಿದ್ದಾನೆ. ಇಪ್ಪತ್ತು ವರ್ಷದಿಂದ ಆ ಅಂಗಳದಲ್ಲಿ ಜಜ್ಜಿದ ನಿಂಬೆಹಣ್ಣು ನೋಡಿ ನೋಡಿ ನನ್ನ ಕಣ್ಣು ಅದನ್ನು ಗುಡಿಸಿಹಾಕಿಬಿಟ್ಟಿತ್ತು. ಬೇರೆ ಯಾವ ಊರಿನ ಸರ್ವೇಯರ್ ಆಗಿದ್ದರೂ ಮೊದಲು ಅದನ್ನೇ ಬರೆದುಕೊಳ್ಳುತ್ತಿದ್ದ. ಕರ್ನಾಟಕದವನಾದ್ದರಿಂದ ನನಗದು ಕಾಣಲೇ ಇಲ್ಲ.

ಅಜ್ಜನಿಗೆ ಕೈಮುಗಿದು, ಯಾನ್‌ಗೆ ಇನ್ನು ಕಾರು ಕೊಂಡರೆ ನಿನ್ನಲ್ಲೇ ಎಂದು ಸುಳ್ಳು ಹೇಳಿ, ಹೊರಗೆ ಓಡಿದೆ.

* * *

ಗ್ಯಾರೇಜಿನ ಮುಂದೆ ನನ್ನ ಹೆಂಡತಿಯ ಪುಟ್ಟ ಬಿಳಿ ಕಾರು ಆಗಲೇ ನಿಂತಿತ್ತು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ಕಳೆದ ವರ್ಷ ನಿವೃತ್ತಳಾದ ಅಪೊಲೋನಿಯಾಳಿಗೆ ಈಗ ರೋಗಿಗಳಿಲ್ಲ. ಹಾಗಾಗಿ ಯಾರು ಸರಿಯಾಗಿ ಉಣ್ಣುತ್ತಿಲ್ಲವೋ ಅವರೆಲ್ಲ ಅವಳ ರೋಗಿಗಳು.

ಒಳಗೆ ಚನ್ನಬಸಯ್ಯ ಆಯಿಲ್ ಡಬ್ಬದ ಮೇಲೆ ಕೂತಿದ್ದ. ಮುಂದೆ ಸ್ಟೀಲಿನ ಕ್ಯಾರಿಯರ್. ಅದರಲ್ಲಿ ಇಡ್ಲಿಯಂಥ ಮೆತ್ತನೆಯ ಸಾನ್ನಾ, ಅಲಸಂಡೆಯ ಪಲ್ಯ. ಜಂಗಮರ ಮನೆಯ ಚನ್ನಬಸಯ್ಯ ಮೀನು ಮಾಂಸ ಮುಟ್ಟುವವನಲ್ಲವೆಂದು ಫಿಂಟಾಸ್ ಬಡಾವಣೆಯ ನಮ್ಮ ಮನೆಯಲ್ಲಿ ಅವನಿಗೆಂದೇ ಎರಡು ಪಾತ್ರೆ, ಒಂದು ಸೌಟು ಬೇರೆ ಇಟ್ಟಿದ್ದಾಳೆ ಅಪೊಲೋನಿಯಾ. ಆ ಸೌಟನ್ನು ನಾನು ಒಮ್ಮೆ ಮೀನುಸಾರಿಗೆ ಹಾಕಿ ತಿಂದ ಬೈಗುಳ ಇನ್ನೂ ನೆನಪಿದೆ.

“ಬರ್ರಿ ಸಾಹೇಬ್ರ,” ಎಂದ ಚನ್ನಬಸಯ್ಯ. ಒಂಬತ್ತು ದಿನದಲ್ಲಿ ಅವನ ಕೆನ್ನೆ ಒಳಗೆ ಹೋಗಿತ್ತು. “ಅಕ್ಕಾರು ಊಟ ತಂದಾರ. ನನಗ ಗಂಟಲದಾಗ ಇಳೀವಲ್ದು.”

“ಇಳಿಯುತ್ತದೆ. ಸಣ್ಣ ಸಣ್ಣ ತುತ್ತು ಮಾಡಿ ತಿನ್ನಿ,” ಎಂದಳು ಅಪೊಲೋನಿಯಾ. ನನ್ನ ಮುಖ ನೋಡಿದವಳೇ ಕ್ಯಾರಿಯರಿನ ಮುಚ್ಚಳ ಕೆಳಗಿಟ್ಟಳು. ಮೂವತ್ನಾಲ್ಕು ವರ್ಷದ ಸಂಸಾರದಲ್ಲಿ ನನ್ನ ಮುಖ ಅವಳಿಗೆ ಥರ್ಮಾಮೀಟರು.

ನಾನು ಚನ್ನಬಸಯ್ಯನ ಎದುರಿಗೆ ಒಂದು ಟೈರಿನ ಮೇಲೆ ಕೂತೆ. “ಮಾರಾಯ್ರೇ, ಆ ಅಕ್ಷರ ಎಂತದು ಅಂತ ಗೊತ್ತಾಯಿತು.”

ಅವನ ಕೈಯಲ್ಲಿದ್ದ ಸಾನ್ನಾದ ತುಂಡು ಹಾಗೇ ನಿಂತಿತು.

“ಲಿಯಾಂಗ್‌ನನ್ನು ಯಾರೂ ಕೊಲ್ಲಲಿಲ್ಲ. ಅವ ಎಲ್ಲಿಗೋ ಹೊರಟ. ಹೊರಡುವಾಗ ಅವನ ಪೂಜೆ ಅವ ಮಾಡಿದ, ನಿಮ್ಮ ಪೂಜೆ ನೀವು ಮಾಡಿದ್ರಿ. ಮಣ್ಣು ಅವನದ್ದು, ನಿಂಬೆಹಣ್ಣು ನಿಮ್ಮದು. ಹೌದಾ ಅಲ್ಲವಾ?”

ಚನ್ನಬಸಯ್ಯ ತಲೆ ತಗ್ಗಿಸಿದ. ಎತ್ತಿದಾಗ ಕಣ್ಣಲ್ಲಿ ನೀರು.

“ಹೌದ್ರೀ ಸಾಹೇಬ್ರ. ನಾನs ಕಳಿಸಿಕೊಟ್ಟೆ.”

“ಅಯ್ಯೋ ದೇವರೇ! ಮತ್ತೆ ಒಂಬತ್ತು ದಿನ ಎಂತದಕ್ಕೆ ಬಾಯಿ ಮುಚ್ಚಿ ಕೂತದ್ದು?”

“ಮಾತು ಕೊಟ್ಟೀನ್ರೀ. ಹತ್ತು ದಿನಾ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂದಿದ್ದ ಲಿಯಾಂಗಣ್ಣ. ನಾಳಿಗೆ ಹತ್ತು ತುಂಬ್ತಾವ. ನೀವು ಇವತ್ತs ಕಂಡುಹಿಡದ್ರಿ.”

ಅವನು ಲಿಯಾಂಗಣ್ಣ ಎನ್ನುವ ಪರಿಗೆ ನನ್ನ ಸಿಟ್ಟು ನಿಲ್ಲಲಿಲ್ಲ. ಹದಿನಾರು ವರ್ಷ ಈ ಇಬ್ಬರೂ ಒಂದೇ ಪೆಟ್ಟಿಗೆಯ ಮೇಲೆ ಕೂತು ಮಧ್ಯಾಹ್ನ ಉಂಡವರು. ಅವನಿಗೆ ಕನ್ನಡ ಬಾರದು, ಇವನಿಗೆ ಚೀನಿ ಬಾರದು. ಮಾತು ಗ್ಯಾರೇಜಿನ ಹರುಕು ಅರಬ್ಬಿಯಲ್ಲಿ, ಉಳಿದದ್ದು ಕೈಬಾಯಿ ಸನ್ನೆಯಲ್ಲಿ. ಲಿಯಾಂಗ್ ಶೇಂಗಾ ಚಟ್ನಿ ತಿಂದು ಬೆವರುವುದನ್ನು, ಚನ್ನಬಸಯ್ಯ ಸಕ್ಕರೆಯಿಲ್ಲದ ಹಸಿರು ಚಹಾ ಕುಡಿದು ಮುಖ ಕಿವುಚುವುದನ್ನು ನಾನೇ ಎಷ್ಟು ಸಲ ನೋಡಿದ್ದೇನೆ.

“ಆ ಮುದುಕನಿಗೆ ಇದೆಲ್ಲ ಹೇಗೆ ಗೊತ್ತು?”

“ಅವನ ಮುತ್ತ್ಯಾ ಹೇಸರಗತ್ತಿ ಗಾಡಿ ಹೊಡೀತಿದ್ನಂತ್ರಿ. ಆ ಪೂಜಿ ಬಗ್ಗೆ ಕಥಿ ಹೇಳತಿದ್ನಂತ. ಹೋದ ವರ್ಷ, ನಾನು ಗಾಲಿ ಕೆಳಗ ನಿಂಬಿಹಣ್ಣು ಯಾಕ ಇಡ್ತೀನಿ ಅಂತ ಕೇಳಿ ತಿಳಕೊಂಡು, ಒಳಗ ಓಡಿಹೋಗಿ ಒಂದು ದಪ್ಪನ್ನ ಪುಸ್ತಕ ತಂದು ಈ ಅಕ್ಷರಾ ತೋರಿಸಿದ. ‘ನಮ್ಮಲ್ಲೂ ಇತ್ತು, ನಮ್ಮಲ್ಲೂ ಇತ್ತು’ ಅಂತ ಸಣ್ಣ ಹುಡುಗರಗತೆ ಕುಣದಾಡಿದ. ಈ ಸಲ ತಾನು ಹೊಂಟಾಗ ತನಗೂ ಮಾಡ್ಬೇಕಂದ. ನಾನು ಕುರಿ ಕೊಯ್ಯಾಂವಲ್ರೀ. ನಿಂಬಿಹಣ್ಣು ನಡೀತೈತೇನಪಾ ಅಂದೆ. ನಡೀತೈತಿ ಅಂದ.”

“ರಟ್ಟಿನಲ್ಲಿ ಬರೆದು ಮಣ್ಣಿನಲ್ಲಿ ಹೂತದ್ದು ಎಂತಕ್ಕೆ?”

ಚನ್ನಬಸಯ್ಯ ಇಷ್ಟು ದಿನದಲ್ಲಿ ಮೊದಲ ಬಾರಿಗೆ ನಕ್ಕ.

“ಆ ದೇವರನ್ನ ಎಲ್ಲಾರೂ ಮರತಾರಂತ್ರಿ. ಹೆಸರು ಬರದಿಟ್ರ ತನ್ನನ್ನs ಕರದಾರ ಅಂತ ಅವಗ ಗೊತ್ತಾಗ್ತೈತಿ, ಇಲ್ಲಂದ್ರ ಕುವೈತ್ ತನಕ ದಾರಿ ಹುಡುಕ್ಕೊಂಡು ಹ್ಯಾಂಗ ಬರ್ತಾನ ಅಂದ.”

ಅಪೊಲೋನಿಯಾ ಆ ಕಡೆ ತಿರುಗಿ ಸೆರಗಿನ ಬದಲು ದುಪಟ್ಟಾದ ತುದಿಯಲ್ಲಿ ಮೂಗು ಒರೆಸಿಕೊಂಡಳು. ಆದರೆ ನನ್ನೊಳಗಿನ ಸರ್ವೇಯರ್ ಇನ್ನೂ ಎದ್ದು ಕೂತೇ ಇದ್ದ.

“ಇನ್ನೊಂದು ಉಂಟು. ಲಿಯಾಂಗ್‌ಗೆ ಡ್ರೈವಿಂಗ್ ಬರುವುದಿಲ್ಲ. ಮೊದಲ ದಿನ ನಾನು ತೆಗೆದ ಫೋಟೊದಲ್ಲಿ ಟೈರಿನ ಗುರುತು ಸಪೂರ ಉಂಟು. ನಿಮ್ಮ ಪಿಕಪ್ಪಿನದ್ದಲ್ಲ ಅದು, ಸಣ್ಣ ಕಾರಿನದ್ದು. ಓಡಿಸಿದ್ದು ಯಾರು?”

ಚನ್ನಬಸಯ್ಯನ ನಗು ಆರಿಹೋಯಿತು. ಸಾನ್ನಾವನ್ನು ತಟ್ಟೆಯಲ್ಲಿಟ್ಟು ಅದನ್ನೇ ನೋಡುತ್ತಾ ಕೂತ.

“ಚನ್ನಬಸಯ್ಯನವರೇ, ನಾನು ನಿಮ್ಮ ಸ್ನೇಹಿತ. ನನ್ನ ಹತ್ತಿರ ಹೇಳಲಿಕ್ಕೆ ಎಂತ?”

“ಅದೊಂದು ಕೇಳಬ್ಯಾಡ್ರಿ ಸಾಹೇಬ್ರ. ನನ್ನ ಚರ್ಮಾ ಸುಲದ್ರೂ ಹೇಳಾಂಗಿಲ್ಲ.”

ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಮಿಶಾರಿ ಅರ್ಧ ಗಂಟೆ ಮೊದಲೇ ಬಂದಿದ್ದ.

* * *

ಮಿಶಾರಿ ಕೆಟ್ಟ ಮನುಷ್ಯನಲ್ಲ. ಮೂವತ್ತರ ಆಸುಪಾಸಿನ ಹುಡುಗ, ಇಸ್ತ್ರಿ ಮಾಡಿದ ಸಮವಸ್ತ್ರ, ನಿದ್ದೆಗೆಟ್ಟ ಕಣ್ಣು. ಮನೆಯಲ್ಲಿ ಎರಡು ತಿಂಗಳ ಮಗು ಇದೆ. ಹಿರಿಯ ಮಗನ ಹೆಸರು ಹಿಡಿದು ತಂದೆಯನ್ನು ಕರೆಯುವುದು ಇಲ್ಲಿಯವರ ವಾಡಿಕೆಯಾದ್ದರಿಂದ ಅವನಿಗೆ ನಾನು ‘ಬು ರೂಬೆನ್’, ರೂಬೆನ್‌ನ ಅಪ್ಪ.

“ಬು ರೂಬೆನ್, ಲ್ಯಾಬಿನ ರಿಪೋರ್ಟ್ ಬಂತು,” ಎಂದ ನಿಂತುಕೊಂಡೇ, ಅರಬ್ಬಿಯಲ್ಲಿ. “ಆ ಕೆಂಪು ಕಲೆ ರಕ್ತವಲ್ಲ. ಏನೆಂದು ಅವರಿಗೂ ತಿಳಿದಿಲ್ಲ. ಅದೇನೆಂದು ಇವನನ್ನು ಕೇಳು.”

ಕೇಳಿದೆ. ಚನ್ನಬಸಯ್ಯ ಎದ್ದುಹೋಗಿ, ಬಸವಣ್ಣನವರ ಫೋಟೊದ ಕೆಳಗಿನ ಗೂಡಿನಿಂದ ಎರಡು ಡಬ್ಬಿ ತಂದ. ಲೋಟದ ನೀರಿಗೆ ಒಂದು ಚಮಚ ಅರಿಸಿನ ಹಾಕಿದ. ಹಳದಿ ನೀರು. ಅದಕ್ಕೆ ಬೆರಳ ತುದಿಯಷ್ಟು ಸುಣ್ಣ ಹಾಕಿ ಕಲಕಿದ. ನೀರು ಕಣ್ಣೆದುರೇ ರಕ್ತಗೆಂಪಾಯಿತು.

ಮಿಶಾರಿ ಒಂದು ಹೆಜ್ಜೆ ಹಿಂದೆ ಸರಿದ.

“ಹೆದರಬೇಡಿ, ಇದು ದೃಷ್ಟಿ ತೆಗೆಯುವ ನೀರು,” ಎಂದೆ. “ನಿಮ್ಮಲ್ಲೂ ಕಣ್ಣು ತಾಗುತ್ತದೆ ಅನ್ನುತ್ತಾರಲ್ಲ, ಅದಕ್ಕೇ. ಪ್ರಯಾಣ ಹೊರಟವರಿಗೆ ನಮ್ಮ ಹೆಂಗಸರು ಇದನ್ನು ನಿವಾಳಿಸಿ ಚೆಲ್ಲುತ್ತಾರೆ.”

ಆಮೇಲೆ ಯಾನಳ ಅಜ್ಜ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ದಾರಿಯ ದೇವರು, ಮಣ್ಣಿನ ಬೆಟ್ಟ, ಕಡ್ಡಿ, ಹಾಯಿಸಿದ ಗಾಲಿ. ಮಿಶಾರಿ ಕೇಳುತ್ತಾ ಕೇಳುತ್ತಾ ನಾನು ಕೂತಿದ್ದ ಟೈರಿನ ಮೇಲೆ ಕೂತ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ನಮ್ಮ ತಾಯಿಯ ತಾಯಿ ಕೊಲ್ಲಿಯ ಆಚೆ ದಡದವಳು,” ಎಂದ. “ಯಾರಾದರೂ ಪ್ರಯಾಣ ಹೊರಟರೆ ಅವರ ಬೆನ್ನ ಹಿಂದೆ ಒಂದು ಬಟ್ಟಲು ನೀರು ಚೆಲ್ಲುತ್ತಿದ್ದಳು. ನನ್ನ ಅಪ್ಪ ಬೈಯುತ್ತಿದ್ದರು. ನಾನು ಮೊದಲ ದಿನ ಡ್ಯೂಟಿಗೆ ಹೊರಟಾಗಲೂ ಚೆಲ್ಲಿದ್ದಳು, ಅಪ್ಪನಿಗೆ ಕಾಣದ ಹಾಗೆ.”

ನನ್ನ ಎದೆಯ ಭಾರ ಅರ್ಧ ಇಳಿಯಿತು. ಇನ್ನು ಚಹಾ ತರಿಸುವುದೊಂದೇ ಬಾಕಿ ಅಂದುಕೊಂಡೆ. ನನ್ನದು ಯಾವಾಗಲೂ ಅವಸರದ ಸಂತೋಷ.

ಮಿಶಾರಿ ಟೋಪಿ ಹಾಕಿಕೊಂಡ.

“ಹಾಗಾದರೆ ಕೊಲೆಯಿಲ್ಲ. ಸಂತೋಷ. ಆದರೆ ಬು ರೂಬೆನ್, ಲಿಯಾಂಗ್ ಹೇಳದೆ ಕೇಳದೆ ಓಡಿಹೋಗಿದ್ದಾನೆಂದು ಅವನ ಕಂಪನಿಯವರು ಬರೆದುಕೊಟ್ಟಿದ್ದಾರೆ. ಓಡಿಹೋಗಲು ನೆರವಾದವನಿಗೂ ಶಿಕ್ಷೆ ಇದೆ. ಊರಿಗೆ ಕಳಿಸುತ್ತಾರೆ, ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಮತ್ತೆ ಈ ದೇಶಕ್ಕೆ ಕಾಲಿಡುವ ಹಾಗಿಲ್ಲ. ಮುದುಕ ಎಲ್ಲಿದ್ದಾನೆಂದು ಇವನು ಈಗ ಹೇಳಿದರೆ ನಾನು ನೋಡಿಕೊಳ್ಳುತ್ತೇನೆ. ಎಲ್ಲಿಗೆ ಹೋದ?”

ಚನ್ನಬಸಯ್ಯನಿಗೆ ಹೇಳಿದೆ. ಅವನು ನನ್ನನ್ನು ಬಹಳ ಅಸಹಾಯಕನಾಗಿ ನೋಡಿದ.

“ಖರೇನs ನನಗ ಗೊತ್ತಿಲ್ರೀ ಸಾಹೇಬ್ರ. ನಾನು ಕೇಳಲಿಲ್ಲ.”

“ಕೇಳಲಿಲ್ಲವಾ? ಹದಿನಾರು ವರ್ಷದ ಸ್ನೇಹಿತ ಎದ್ದು ಹೊರಟಾಗ...”

“ಹೊಂಟವರನ್ನ ಎಲ್ಲಿಗೆ ಅಂತ ಕೇಳಬಾರದಲ್ರೀ! ನಿಂಬಿಹಣ್ಣು ಇಟ್ಟೀನಿ, ದೃಷ್ಟಿ ತಗದೀನಿ, ಅಂಥಾ ಹೊತ್ತಿನ್ಯಾಗ ನಾನs ಬಾಯಿ ತಗದು ಎಲ್ಲಿಗೆ ಅಂದ್ರ ಹೋದ ಕೆಲಸ ಆಗ್ತದೇನ್ರೀ? ಹೋಗಿಬಾ ಅಣ್ಣಾ ಅಂದೆ, ಅಷ್ಟs.”

ಅವನು ಹೇಳಿದ್ದು ಅಕ್ಷರಶಃ ನಿಜವೆಂದು ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲೂ ಚಪ್ಪಲಿ ಮೆಟ್ಟಿದವರನ್ನು ‘ಎಲ್ಲಿಗೆ’ ಎಂದು ಕೇಳಿದರೆ ಅಜ್ಜಿ ಕೆಂಡವಾಗುತ್ತಿದ್ದರು. ಹೊರಟವರನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ ಮತ್ತೆ ಕಳಿಸಬೇಕು. ದೇವರು ಬೇರೆ, ಪೂಜೆ ಬೇರೆ, ಈ ಭಯ ಮಾತ್ರ ಕ್ರೈಸ್ತರಾದ ನಮಗೂ ಜಂಗಮನಾದ ಅವನಿಗೂ ಒಂದೇ.

ಆದರೆ ಇದನ್ನು ಮಿಶಾರಿಗೆ ಹೇಳುವುದು ಹೇಗೆ? ಹೇಳಿದೆ. ನನಗೆ ಬರುವ ಅರಬ್ಬಿಯನ್ನೆಲ್ಲ ಸುರಿದು ಹೇಳಿದೆ. ಅವನ ಮುಖ ಗಟ್ಟಿಯಾಗುತ್ತಾ ಹೋಯಿತು.

“ಬು ರೂಬೆನ್, ಮಣ್ಣಿನ ಬೆಟ್ಟ ನಂಬಿದೆ. ಕೆಂಪು ನೀರು ನಂಬಿದೆ. ಆಪ್ತ ಸ್ನೇಹಿತ ಗಂಟು ಕಟ್ಟಿಕೊಂಡು ಹೊರಟಾಗ ಎಲ್ಲಿಗೆಂದು ಕೇಳದವನು ಈ ಭೂಮಿಯ ಮೇಲೆ ಇದ್ದಾನೆಂದು ನಂಬು ಅನ್ನುತ್ತೀಯಾ? ಸರಿ, ಅದು ಬೇಡ. ಗಾಡಿ ಓಡಿಸಿದವರು ಯಾರು? ಅದಾದರೂ ನೋಡಿರುತ್ತಾನಲ್ಲ.”

ಚನ್ನಬಸಯ್ಯ ಹೇಳಲಾರೆನೆಂದು ತಲೆಯಾಡಿಸಿದ.

“ಹೇಳಿ ಮಾರಾಯ್ರೇ,” ನಾನು ಅವನ ಭುಜ ಹಿಡಿದೆ. “ಒಂದು ಹೆಸರು. ಅವರಿಗೆ ಗೊತ್ತಿರುತ್ತದೆ. ಅವರು ಹೇಳಿದರೆ ನೀವು ಉಳಿಯುತ್ತೀರಿ. ಊರಲ್ಲಿರುವ ನಿಮ್ಮ ಹೆಂಡತಿ ದೇವಕ್ಕನ ಮುಖ ನೆನಪು ಮಾಡಿಕೊಳ್ಳಿ. ಇಪ್ಪತ್ತೆರಡು ವರ್ಷ ಬೆವರು ಸುರಿಸಿ ಕಟ್ಟಿದ ಗ್ಯಾರೇಜು ಇದು, ನಾಳೆ ನಿಮ್ಮನ್ನು ವಿಮಾನ ಹತ್ತಿಸಿದರೆ ಎಂತ ಮಾಡ್ತೀರಿ?”

“ಆ ಹೆಸರು ಹೇಳಿ ಇಲ್ಲಿ ಉಳಕೊಂಡ್ರ ನಾ ಯಾವ ಮುಖಾ ಇಟ್ಕೊಂಡು ಉಣ್ಣಲ್ರೀ?” ಎಂದ. “ನನ್ನನ್ನs ಕರಕೊಂಡು ಹೋಗಂತ ಹೇಳ್ರಿ.”

ಹಿಂದೆ ನಲ್ಲಿಯಲ್ಲಿ ಕ್ಯಾರಿಯರ್ ತೊಳೆಯುತ್ತಿದ್ದ ಸದ್ದು ನಿಂತಿತು.

“ಖಲಾಸ್,” ಎಂದು ಮಿಶಾರಿ ಎದ್ದ. “ಯಲ್ಲಾ, ಹೊರಡೋಣ.”

ಚನ್ನಬಸಯ್ಯ ಕೈತೊಳೆದುಕೊಂಡ. ಬಸವಣ್ಣನವರ ಫೋಟೊಗೆ ಕೈಮುಗಿದ. ಸೊಂಟದಿಂದ ಗ್ಯಾರೇಜಿನ ಬೀಗದ ಕೈ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ.

“ಆ ಹಸಿರು ಗಾಡೀದು ಬ್ರೇಕ್ ಇನ್ನೂ ಆಗಿಲ್ರೀ. ಯಾರಿಗೂ ಕೊಡಬ್ಯಾಡ್ರಿ. ದೇವಕ್ಕಗ ನೀವs ಹೋಗಿ ಹೇಳ್ರಿ, ಫೋನಿನ್ಯಾಗ ಬ್ಯಾಡ.”

ಮಿಶಾರಿ ಅವನ ತೋಳು ಹಿಡಿದ. ಒರಟಾಗಿ ಹಿಡಿಯಲಿಲ್ಲ. ಇಬ್ಬರೂ ಶಟರಿನ ತನಕ ಹೋಗಿದ್ದರು.

“ನಿಲ್ಲಿ.”

ಅಪೊಲೋನಿಯಾ ಶಟರಿಗೆ ಅಡ್ಡವಾಗಿ ನಿಂತಿದ್ದಳು. ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸುತ್ತಿದ್ದಳು. ವಾರ್ಡಿನಲ್ಲಿ ಡಾಕ್ಟರರ ತಪ್ಪು ತೋರಿಸುವಾಗ ನಿಲ್ಲುತ್ತಿದ್ದ ಹಾಗೆ, ಬೆನ್ನು ನೆಟ್ಟಗೆ ಮಾಡಿ.

“ಅಕ್ಕಾರ, ಬ್ಯಾಡ್ರೀ!” ಎಂದು ಚನ್ನಬಸಯ್ಯ ಕೂಗಿದ. “ನಿಮ್ಮ ಕಾಲಿಗೆ ಬೀಳ್ತೀನಿ, ಬ್ಯಾಡ್ರೀ!”

ಅವಳು ಅವನ ಕಡೆ ನೋಡಲೇ ಇಲ್ಲ. ನನ್ನನ್ನೇ ನೋಡಿದಳು.

“ಬೊನಾ, ಅವರನ್ನು ಬಿಡಿಸು. ಆ ಮಣ್ಣಿನ ಮೇಲೆ ಕಾರು ಹತ್ತಿಸಿದ್ದು ನಾನು. ಲಿಯಾಂಗ್ ಎಲ್ಲಿದ್ದಾರೆ ಅಂತ ನನಗೆ ಗೊತ್ತುಂಟು. ಆದರೆ ನಾಳೆ ಬೆಳಗ್ಗಿನ ತನಕ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ನಿನಗೂ ಹೇಳುವುದಿಲ್ಲ.”

ಬೀಗದ ಕೈ ನನ್ನ ಕೈಯಿಂದ ಜಾರಿ ಸಿಮೆಂಟಿನ ಮೇಲೆ ಬಿತ್ತು. ಆ ಶುಕ್ರವಾರ ಅವಳು ಚರ್ಚಿನ ಬಲಿಪೂಜೆಗೆಂದು ಬೆಳಗಿನ ಐದಕ್ಕೇ ಎದ್ದು ಹೊರಟಿದ್ದಳು. ಮಂಡಿನೋವೆಂದು ನಾನು ಮಗ್ಗುಲು ಬದಲಿಸಿ ಮಲಗಿದ್ದೆ. ಊರವರ ಟೈರನ್ನೆಲ್ಲ ಅಳೆಯುವ ನಾನು ನನ್ನ ಮನೆಯ ಕೆಳಗೆ ನಿಲ್ಲುವ ಕಾರಿನ ಟೈರನ್ನು ಒಮ್ಮೆಯೂ ನೋಡಿರಲಿಲ್ಲ. ಅವಳ ಮೇಲೆ ಅನುಮಾನ ಪಡಲು ನನಗೆ ಬರುವುದೇ ಇಲ್ಲ, ಏನು ಮಾಡಲಿ?

ಇನ್ನೊಂದು ವಿಷಯ ಆಗ ಹೊಳೆಯಿತು. ನಾವಿಬ್ಬರೇ ಆಡುವಾಗ ನಮ್ಮದು ಕೊಂಕಣಿ. ಮಿಶಾರಿಗೆ ಹೇಳುವುದಾದರೆ ಅವಳಿಗೆ ಅರಬ್ಬಿ ನನಗಿಂತ ಚೆನ್ನಾಗಿ ಬರುತ್ತದೆ, ಮೂವತ್ತು ವರ್ಷ ಕುವೈತಿ ಅಜ್ಜಿಯರ ಜೊತೆ ವಾರ್ಡಿನಲ್ಲಿ ಹರಟಿದವಳು. ಎರಡನ್ನೂ ಬಿಟ್ಟು ಅವಳು ಬೇಕೆಂದೇ ಕನ್ನಡದಲ್ಲಿ ಹೇಳಿದ್ದಳು. ಚನ್ನಬಸಯ್ಯನಿಗೆ ತಿಳಿಯಲಿ, ಮಿಶಾರಿಗೆ ತಿಳಿಸುವುದೋ ಬಿಡುವುದೋ ಗಂಡನಿಗೆ ಬಿಟ್ಟದ್ದು ಎಂದು.

ದುಭಾಷಿಯಾಗಿ ನಿಂತ ಇಷ್ಟು ವರ್ಷಗಳಲ್ಲಿ ನಾನು ಯಾರ ಮಾತನ್ನೂ ತಿರುಚಿದವನಲ್ಲ. ಇದ್ದದ್ದು ಇದ್ದ ಹಾಗೆ ಹೇಳಿದರೆ ನನ್ನ ಹೆಂಡತಿ ಜೀಪು ಹತ್ತಬೇಕು. ಹೇಳದಿದ್ದರೆ ಚನ್ನಬಸಯ್ಯ ಹತ್ತಬೇಕು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

ಮಿಶಾರಿ ಚನ್ನಬಸಯ್ಯನ ತೋಳು ಬಿಡದೆ ನನ್ನ ಕಡೆ ತಿರುಗಿದ.

“ಬು ರೂಬೆನ್, ನಿನ್ನ ಹೆಂಡತಿ ಏನಂದಳು?”